ಮಠದ ಕ್ಲಾರಿನೆಟ್ಟು ಮತ್ತು ಅಡವಯ್ಯನ ಮಡಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಬಡಿಗೇರ ಮಾನಪ್ಪನವರು. ನಮ್ಮ ದೇವರ ಕೋಣೆಗೆ ಬಾಗಿಲು ಕೂಡಿಸಲು ಬಂದಿದ್ದರು. ಉಳಿಯನ್ನು ಕೆಳಗಿಟ್ಟು, ಎಲೆ ಅಡಿಕೆ ಹಾಕಿಕೊಂಡು, ಅವಸರವಿಲ್ಲದೆ ಹೇಳಿದರು. ನಾನೂ ಹಾಗೆಯೇ ಹೇಳುತ್ತೇನೆ.

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಬೆಳಗಿನ ಪೂಜೆಗೆ ಸ್ವಾಮಿಗಳು ಆರತಿ ಎತ್ತಬೇಕಾದರೆ ಮೊದಲು ಗುಡಿಯ ಬಾಗಿಲಲ್ಲಿ ಕ್ಲಾರಿನೆಟ್ಟು ನುಡಿಯಬೇಕು. ಅದು ನಡೆದುಬಂದ ಪದ್ಧತಿ. ನಲವತ್ತು ವರ್ಷದಿಂದ ನುಡಿಸುತ್ತಿದ್ದವನು ಭಜಂತ್ರಿ ಹುಲಗಪ್ಪಜ್ಜ. ಒಂದು ದಿನವೂ ತಪ್ಪಿಸಿದವನಲ್ಲ.

ಈಗ ಅಜ್ಜನ ಬಾಯಲ್ಲಿ ಮೇಲಿನ ಸಾಲಿಗೆ ಉಳಿದದ್ದು ಎರಡೇ ಹಲ್ಲು. ಅವೂ ಅಲ್ಲಾಡುತ್ತಿದ್ದವು. ಆ ವಾದ್ಯವನ್ನು ಮೇಲಿನ ಹಲ್ಲೇ ಅದುಮಿ ಹಿಡಿಯಬೇಕು. ಹಲ್ಲು ಹೋದರೆ ನುಡಿಯೂ ಹೋದಂತೆ.

“ಇವೆರಡು ಮಠದ ಹಲ್ಲು,” ಎನ್ನುತ್ತಿದ್ದ ಅಜ್ಜ. “ನನ್ನವು ಎಂದೋ ಉದುರಿ ಹೋದ್ವು.”

ಎಲ್ಲರೂ ನಗುತ್ತಿದ್ದರು. ನಗದವನು ಅಡವಯ್ಯ ಒಬ್ಬನೇ.

ಅಡವಯ್ಯ ಮಠದಲ್ಲಿ ಪೂಜೆಯ ಸಲಕರಣೆ ಹೊಂದಿಸುವವನು. ನಡುವಯಸ್ಸಿನ ಮನುಷ್ಯ. ಮಡಿಯೆಂದರೆ ಮಡಿ. ಹೂ ಬಿಡಿಸುವಾಗ ಅದರ ವಾಸನೆ ಮೂಗಿಗೆ ತಾಕೀತೆಂದು ಮುಖ ಆಚೆ ತಿರುಗಿಸುತ್ತಿದ್ದ. ಆ ನುಡಿಯಿಲ್ಲದೆ ಆರತಿ ಏಳುವುದನ್ನು ನೆನೆಯಲೂ ಅವನಿಂದ ಆಗುತ್ತಿರಲಿಲ್ಲ. ಅಜ್ಜನಿಗೆ ಮಕ್ಕಳಿಲ್ಲ. ಕಲಿಯುತ್ತೇನೆಂದು ಬಂದವರೂ ಯಾರಿಲ್ಲ.

ಒಂದು ಮುಂಜಾನೆ ಅಡವಯ್ಯನೇ ಹೋಗಿ ಅಜ್ಜನ ಎದುರು ಕುಳಿತ.

“ಅಜ್ಜಾ, ನನಗ ಕಲಸು.”

“ಅಯ್ಯನೋರಿಗೆ ನಾ ಏನು ಕಲಸ್ಲಿ?”

“ನಿನ್ನ ಹಲ್ಲು ಬೀಳೂದರೊಳಗ ಎಷ್ಟಾಗತೈತಿ ಅಷ್ಟು.”

ಅಜ್ಜ ಇದ್ದೆರಡು ಹಲ್ಲು ಕಾಣುವಂತೆ ನಕ್ಕ. “ಹಂಗಾರ ಲಗೂನ ಕುಂದರ್ರಿ.”

ಪೆಟ್ಟಿಗೆ ತೆರೆದ. ಒಳಗೆ ವಾದ್ಯದ ಐದು ತುಂಡು, ಬಟ್ಟೆಯ ಮೇಲೆ ಮಲಗಿದ್ದವು. ಒಂದರೊಳಗೊಂದು ಕೂಡುವ ಕಡೆ ಕಾರ್ಕು ಸುತ್ತಿತ್ತು. ಅದಕ್ಕೆ ಬೆರಳಿನಿಂದ ಮೇಣ ಸವರಿದ.

“ತಳ್ಳಬ್ಯಾಡ್ರಿ, ತಿರುವ್ರಿ. ಮ್ಯಾಲಿನ ಕೊಳವಿ ಕೀಲು ಒತ್ತಿ ಹಿಡೀರಿ. ಅದರ ತುದಿ ಎದ್ದು ನಿಂತು ಕೆಳಗಿನ ಕೀಲಿಗೆ ದಾರಿ ಬಿಡತೈತಿ. ಇಲ್ಲಾಂದ್ರ ಎರಡೂ ಬಡದಾಡಿ ಬಾಗತಾವು.”

ಬಿಲ್ವದ ಮಾಲೆ ಕಟ್ಟಿ ಪಳಗಿದ ಕೈ ಅಡವಯ್ಯನದು. ಎರಡನೆಯ ದಿನಕ್ಕೆ ಅಜ್ಜನಿಗಿಂತ ನೆಟ್ಟಗೆ ಕೂಡಿಸಿದ.

“ಕೈ ಛಲೋ ಅದಾವು,” ಎಂದ ಅಜ್ಜ. “ಇನ್ನ ಬಾಯಿ ನೋಡೋಣು.”

ಮೂರನೆಯ ದಿನ, ಊದುವ ತುಂಡಿಗೆ ಕಟ್ಟುವ ಒಂದು ತೆಳುವಾದ ಜೊಂಡಿನ ಚಕ್ಕೆ ಕೊಟ್ಟ. ಅದಕ್ಕೆ ರೀಡು ಎನ್ನುತ್ತಾರೆ. ಅದು ಅದುರಿದರೆ ನಾದ, ಇಲ್ಲದಿದ್ದರೆ ಬರೀ ಕಟ್ಟಿಗೆ.

“ಬಾಯಾಗ ಇಟಗೊಂಡು ತೊಯ್ಸ್ರಿ. ಒಣಾ ಇದ್ರ ನುಡಿಯೂದಿಲ್ಲ.”

“ಬಾಯಾಗ?”

“ಮತ್ತ ಎಲ್ಲಿ, ಕಿವ್ಯಾಗ?”

ಅಡವಯ್ಯ ರೀಡನ್ನು ಅಂಗೈಯಲ್ಲೇ ಹಿಡಿದುಕೊಂಡ. ಇಷ್ಟು ವರ್ಷ ಒಳಗೆ ದೀಪ ಹೊಂದಿಸುತ್ತ ನುಡಿಯನ್ನು ಕೇಳಿದ್ದ. ಅದು ಹೇಗೆ ಬರುತ್ತದೆಂದು ಹತ್ತಿರ ನಿಂತು ನೋಡಿರಲಿಲ್ಲ. ದೇವರ ಮುಂದೆ ನುಡಿಯುವುದಕ್ಕೆ ಎಂಜಲು ಹಚ್ಚುವುದೇ? ಅದೂ ತನ್ನೊಬ್ಬನದಲ್ಲ. ವಾದ್ಯದ ಊದುವ ತುಂಡಿನ ಮೇಲೆ ಅಜ್ಜನ ಎರಡು ಹಲ್ಲು ಮೂಡಿಸಿದ ಎರಡು ತಗ್ಗು ಇದ್ದವು.

“ನಾಳೆ ನೋಡೋಣ,” ಎಂದು ಎದ್ದ. ಯಾರೂ ಕಾಣದಂತೆ ಆ ತುಂಡನ್ನು ಅಡುಗೆಮನೆಗೆ ಒಯ್ದು, ಮೂರು ಸಲ ಕುದಿಯುವ ನೀರು ಸುರಿದ. ಕರ್ರಗೆ ಹೊಳೆಯುತ್ತಿದ್ದದ್ದು ಕಂದಿ ಹಸಿರುಗಟ್ಟಿತು.

ಮರುದಿನ ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿದ.

“ಬಣ್ಣ ಹೋತು,” ಎಂದ. “ಹಲ್ಲಿನ ಗುರ್ತು ಹೋಗಲಿಲ್ಲ.”

ಅಷ್ಟೇ. ಅಡವಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆದರೂ ಮನಸ್ಸು ಒಪ್ಪಲಿಲ್ಲ. ಹೊಳೆಯ ನೀರು ತಂದು, ಹಿತ್ತಾಳೆಯ ಬಟ್ಟಲಲ್ಲಿ ರೀಡು ನೆನೆಸತೊಡಗಿದ. ಸುಡುವ ಹಾಲಿಗೆ ತುಟಿ ಇಟ್ಟವನಂತೆ ತಾಕಿಯೂ ತಾಕದ ಹಾಗೆ ಊದುತ್ತಿದ್ದ. ಒಂದು ಗಳಿಗೆ ಕೀಂ ಎನ್ನುತ್ತಿತ್ತು. ಆಮೇಲೆ ರೀಡು ಒಣಗಿ ಸುಮ್ಮನಾಗುತ್ತಿತ್ತು.

ಅಡುಗೆಯ ಗೌರವ್ವ ಒಳಗಿನಿಂದಲೇ ಕೂಗುವಳು: “ಅಯ್ಯನೋರ, ಮಠದಾಗ ಕೋಳಿ ಯಾರು ತಂದಾರ್ರೀ?”

ಹೀಗೆ ಎರಡು ತಿಂಗಳು ಕಳೆದವು. ಬೆಳಗಿನ ಹಾಡಿಗೆ ಬೇಕಾದ ಐದು ಸ್ವರವನ್ನು ಬೆರಳು ಕಲಿತವು. ನಾದ ಮಾತ್ರ ಬರಲಿಲ್ಲ. ಇತ್ತ ಅಜ್ಜನ ಒಂದು ಹಲ್ಲು ಬಿತ್ತು.

“ಅಜ್ಜಾ, ಎಂಜಲಿಲ್ಲದ ನುಡಸೂ ಉಪಾಯ ಏನಾರ ಐತೇನು?”

“ಐತಲ್ಲ.”

“ಹೇಳು ಮತ್ತ.”

“ಗಂಟಿ ಬಾರಸ್ರಿ.”

ಅಡವಯ್ಯನಿಗೆ ಸಿಟ್ಟು ಬಂತು. “ಚೇಷ್ಟೆ ಮಾಡಬ್ಯಾಡ. ಇಪ್ಪತ್ತು ವರ್ಷ ಸೇವಾ ಮಾಡೇನಿ. ಒಂದು ಹೂವಿಗೆ ನನ್ನ ಉಸರು ತಾಕಿಲ್ಲ, ಒಂದು ಹನಿ ನೀರಿಗೆ ನನ್ನ ನೆರಳು ಬಿದ್ದಿಲ್ಲ.”

“ಹೂವು ಯಾರದ್ರೀ?”

“ಗಿಡದ್ದು.”

“ನೀರು?”

“ಹೊಳಿದ್ದು.”

“ಗಿಡದ್ದು ಕೊಟ್ಟ್ರಿ, ಹೊಳಿದ್ದು ಕೊಟ್ಟ್ರಿ,” ಎಂದ ಅಜ್ಜ. “ನಿಮ್ಮದೇನು ಕೊಟ್ಟ್ರಿ?”

ಅಡವಯ್ಯ ಬಟ್ಟಲ ನೀರನ್ನೇ ನೋಡುತ್ತ ಕುಳಿತ. ಅಂದು ಪಾಠ ಮುಂದೆ ಸಾಗಲಿಲ್ಲ.

ನಾಲ್ಕು ದಿನ ಕಳೆದಿರಬೇಕು. ಬೆಳಗಿನ ಪೂಜೆ. ಸ್ವಾಮಿಗಳು ಕರ್ಪೂರ ಹಚ್ಚಿ, ಆರತಿಯ ತಟ್ಟೆ ಹಿಡಿದು, ನುಡಿಗಾಗಿ ಕಾದರು. ಬಾಗಿಲಲ್ಲಿ ಅಜ್ಜ ಊದಿದ. ಫುಸ್ ಎಂದಿತು. ಇನ್ನೊಮ್ಮೆ ಊದಿದ. ಗಾಳಿ ತುಟಿಯ ಅಂಚಿನಿಂದ ಜಾರಿಹೋಯಿತು. ಕೊನೆಯ ಹಲ್ಲು ಅಂಗೈಗೆ ಬಂದಿತ್ತು.

ಸ್ವಾಮಿಗಳ ಕೈ ಹಾಗೆಯೇ ನಿಂತಿತು. ಕರ್ಪೂರ ಉರಿಯುತ್ತಿತ್ತು.

ಅಜ್ಜ ವಾದ್ಯವನ್ನು ಅಡವಯ್ಯನತ್ತ ಚಾಚಿದ.

ರೀಡು ನೆನೆಸುವ ಬಟ್ಟಲು ಹೊರಗಿನ ಕಟ್ಟೆಯ ಮೇಲೆ ಉಳಿದಿತ್ತು. ರೀಡು ಅಜ್ಜನ ಬಾಯಿಂದ ಆಗಷ್ಟೇ ಬಂದದ್ದು, ಇನ್ನೂ ಹಸಿಯಾಗಿತ್ತು. ಅಡವಯ್ಯ ಒಮ್ಮೆ ದೇವರನ್ನು ನೋಡಿದ, ಒಮ್ಮೆ ಸಣ್ಣಗಾಗುತ್ತಿದ್ದ ಕರ್ಪೂರವನ್ನು ನೋಡಿದ. ಹೊಸ್ತಿಲಾಚೆ ಬಂದು, ಕಣ್ಣು ಮುಚ್ಚಿ ವಾದ್ಯವನ್ನು ಬಾಯಿಗಿಟ್ಟುಕೊಂಡ. ಹಲ್ಲು ತಾವಾಗಿಯೇ ಆ ತಗ್ಗುಗಳಲ್ಲಿ ಕೂತವು.

ಮೊದಲು ಕೋಳಿಯೇ ಕೂಗಿತು. ತುಟಿ ಬಿಗಿಹಿಡಿದ, ಬಾಯಿಗೆ ಬಂದ ಜೊಲ್ಲನ್ನು ಲೆಕ್ಕಿಸಲಿಲ್ಲ, ಹೊಟ್ಟೆಯಿಂದ ಉಸಿರು ಬಿಟ್ಟ. ಆಗ ಷಡ್ಜ ಬಂತು. ದಪ್ಪಗೆ, ಸ್ವಲ್ಪ ಒರಟಾಗಿ, ಆದರೆ ತುಂಬಿಕೊಂಡು ಬಂತು. ಅದರ ಹಿಂದೆ ಉಳಿದ ನಾಲ್ಕು. ಆರತಿ ಮೇಲೆದ್ದಿತು. ಅಡುಗೆಮನೆಯಿಂದ ಗೌರವ್ವ ಕೈ ಒರೆಸಿಕೊಳ್ಳುತ್ತ ಬಂದು ಕಂಬದ ಬಳಿ ನಿಂತಳು.

ಪೂಜೆ ಮುಗಿಯಿತು. ಅಡವಯ್ಯ ಕಣ್ಣು ತೆರೆದು ಕೆಳಗೆ ನೋಡಿದರೆ, ವಾದ್ಯದ ಕೆಳತುದಿಯ ಅಗಲ ಬಾಯಿಂದ ಮೂರು ನಾಲ್ಕು ಹನಿ ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ಬಿದ್ದಿದ್ದವು. ವಾದ್ಯವನ್ನು ಗೋಡೆಗೆ ಒರಗಿಸಿ ಹೊಳೆಯ ಕಡೆ ದಾಪುಗಾಲು ಹಾಕಿದ.

“ಎಲ್ಲಿಗ್ರೀ?”

“ನೀರು ತರಾಕ. ಗುಡಿ ಮುಂದ ಎಂಜಲ ಬಿದ್ದೈತಿ. ಮೊದಲ ಕಲ್ಲು ತೊಳೀಬೇಕು. ಆಮ್ಯಾಲೆ ನಾ ಮುಳುಗಿ ಬರಬೇಕು. ಎಷ್ಟು ಸಲ ಮುಳುಗಿದ್ರ ಹೋಗತೈತೋ!”

ಅಜ್ಜ ಬಗ್ಗಿ ನೋಡಿದ. “ಎಂಜಲಲ್ರೀ ಇದು. ನಿಮ್ಮ ಉಸರು. ಕೊಳವ್ಯಾಗ ತಣ್ಣಗಾಗಿ ನೀರಾಗೈತಿ. ನಲವತ್ತು ವರ್ಷ ನಂದೂ ಇಲ್ಲೇ ಬಿದ್ದೈತಿ.”

“ನಿಂದು ಬಿದ್ದದ್ದು ನಾ ಕಂಡಿಲ್ಲ. ನಂದು ಬಿದ್ದದ್ದು ಕಂಡೆ.” ಅಡವಯ್ಯನ ಕಣ್ಣಲ್ಲಿ ನೀರು ನಿಂತಿತ್ತು. “ತೊಳೀಬೇಕೋ ಬ್ಯಾಡೋ, ಅಷ್ಟು ಹೇಳಿಬಿಡು ಅಜ್ಜಾ.”

ಅಜ್ಜ ಗೋಡೆಗೆ ಒರಗಿದ್ದ ವಾದ್ಯವನ್ನು ಎತ್ತಿಕೊಂಡ. ಪೆಟ್ಟಿಗೆಯ ಮೂಲೆಯಿಂದ, ತುದಿಗೆ ದಾರ ಕಟ್ಟಿದ ಒಂದು ಮೆತ್ತನೆಯ ಹಳೆಯ ಬಟ್ಟೆ ತೆಗೆದ. ಇಷ್ಟು ದಿನ ಅಡವಯ್ಯನಿಗೆ ಅದರ ಕೆಲಸವೇ ಬಿದ್ದಿರಲಿಲ್ಲ. ಎರಡನ್ನೂ ಅವನ ಕೈಗಿಟ್ಟ.

“ನೆಲಾ ಬಿಡ್ರಿ ಅಯ್ಯನೋರ. ಹೊರಗ ಬಿದ್ದದ್ದು ತಾನ ಆರತೈತಿ. ಮೊದಲ ಕೊಳವಿ ಬಿಚ್ಚಿ ಒರಸ್ರಿ. ಒಳಗ ನಿಂತದ್ದು ಕಟಗಿ ಸೀಳತೈತಿ.”

ಓದಿದವರು ಇದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ. ಹೇಳುವಾಗ ಅಜ್ಜನ ಮಾತನ್ನು ಮಾತ್ರ ತಿದ್ದಬೇಡಿರಿ.