ಗುರುತಿಲ್ಲದ ಮುದುಕಿಯ ಮಣ್ಣು

ಪೂಜ್ಯ ಶೌರಪ್ಪ ಸ್ವಾಮಿಗಳು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಮಾದಲಗೆರೆಯ ಊರಾಚೆ, ಹಳೆಯ ಕಾಲರಾ ಶೆಡ್ಡಿನಲ್ಲಿ. ರೋಗ ತೊಲಗಿ ಎಷ್ಟೋ ಕಾಲವಾದರೂ ಆ ತಗಡಿನ ಮಾಡಿನ ಕಡೆ ಜನ ಸುಳಿಯುತ್ತಿರಲಿಲ್ಲ. ಮನೆಯವರು ಕೈಬಿಟ್ಟ ರೋಗಿಗಳ ನಡುವೆ ಸ್ವಾಮಿಗಳು ಒಂದು ಚಾಪೆ ಹಾಸಿಕೊಂಡಿದ್ದರು. ಮರದ ಪೆಟ್ಟಿಗೆಯ ಮೇಲೆ ಬಿಳಿ ಬಟ್ಟೆ ಹೊದಿಸಿದರೆ ಅದೇ ಅವರ ಪೂಜಾಪೀಠ.

ಮೋಡ ಕವಿದ ಒಂದು ಮಧ್ಯಾಹ್ನ ಕುಂಬಾರರ ಜ್ಞಾನಪ್ಪ ಅಲ್ಲಿಗೆ ಬಂದನು. ಅವನಿಗೆ ಜ್ಞಾನಸ್ನಾನ ಕೊಟ್ಟು ಕ್ರೈಸ್ತನನ್ನಾಗಿ ಮಾಡಿದವರು ಸ್ವಾಮಿಗಳೇ. ಅಂದಿನಿಂದ ಅವನ ಕೇರಿಯವರು ಅವನೊಡನೆ ಮಾತು ಬಿಟ್ಟಿದ್ದರು. ಇಗರ್ಜಿಯಲ್ಲಿಯೂ ತಲೆಮಾರುಗಳಿಂದ ಕ್ರೈಸ್ತರಾದ ಮನೆತನದವರು ಅವನನ್ನು ‘ಹೊಸಬ’ ಎಂದೇ ಕರೆದು ಬಾಗಿಲ ಬಳಿ ಕೂರಿಸುತ್ತಿದ್ದರು. ಅದನ್ನೆಲ್ಲ ಅವನು ನುಂಗಿಕೊಂಡಿದ್ದನು. ಆದರೆ ಅಂದು ಬೆಳಿಗ್ಗೆ ಅವನ ತಂದೆ ತೀರಿಕೊಂಡಿದ್ದರು. ಚಟ್ಟಕ್ಕೆ ಹೆಗಲು ಕೊಡಲು ಹೋದವನನ್ನು ಒಡಹುಟ್ಟಿದ ಅಣ್ಣನೇ ಎದೆಗೆ ಕೈಯಿಟ್ಟು ತಡೆದಿದ್ದನು. “ನೀನು ಮುಟ್ಟಿದರೆ ಅಪ್ಪನಿಗೆ ಗತಿ ಇಲ್ಲ ಕಣೋ. ದೂರ ನಿಲ್ಲು” ಎಂದಿದ್ದನು. ಜ್ಞಾನಪ್ಪ ದೂರ ನಿಂತು, ತಂದೆಯ ಮೇಲೆ ಮಣ್ಣು ಬೀಳುವ ಸದ್ದನ್ನಷ್ಟೇ ಕೇಳಿಸಿಕೊಂಡು ಬಂದಿದ್ದನು.

ಶೆಡ್ಡಿನ ಬಾಗಿಲಲ್ಲಿ ನಿಂತು ಅವನು ಕೊರಳಿನ ಶಿಲುಬೆಯನ್ನು ಕೈಗೆ ತೆಗೆದುಕೊಂಡನು.

“ಸ್ವಾಮಿ, ಇದನ್ನು ವಾಪಸ್ ಇಟ್ಕೊಳ್ಳಿ. ಸತ್ತ ಅಪ್ಪನ್ನ ಮುಟ್ಟೋದಕ್ಕೂ ಬಿಡಲಿಲ್ಲ. ಅವರಿಗೂ ನಾನು ಬೇಡ, ಇವರಿಗೂ ಬೇಡ. ಸತ್ತರೆ ನನ್ನನ್ನು ಎತ್ತೋರೂ ಇಲ್ಲ.”

ಸ್ವಾಮಿಗಳು ಮಂಡಿಯೂರಿ ಒಬ್ಬ ಮುದುಕಿಯ ಶವವನ್ನು ತೊಳೆಯುತ್ತಿದ್ದರು. ಸಂತೆಮಾಳದಲ್ಲಿ ಬಿದ್ದಿದ್ದ ಆ ಹೆಂಗಸನ್ನು ಹಿಂದಿನ ದಿನ ಯಾರೋ ಗಾಡಿಯಲ್ಲಿ ತಂದು ಇಳಿಸಿಹೋಗಿದ್ದರು. ಹೆಸರು ಹೇಳುವಷ್ಟೂ ಅವಳಲ್ಲಿ ಉಸಿರು ಉಳಿದಿರಲಿಲ್ಲ. ಯಾವ ಜಾತಿಯೋ, ಯಾವ ಮತವೋ ತಿಳಿಯದೆ ಒಂದೊಂದು ಕೇರಿಯವರೂ ‘ನಮ್ಮವಳಲ್ಲ’ ಎಂದು ಹಿಂದೆ ಸರಿದಿದ್ದರು. ಇಗರ್ಜಿಯ ಹಿರಿಯರೂ ಅದನ್ನೇ ಹೇಳಿ ಕಳುಹಿಸಿದ್ದರು. ಹಿತ್ತಲಲ್ಲಿ ಕೂಲಿಯಾಳು ತೋಡಿಹೋದ ಗುಂಡಿ ಸಿದ್ಧವಾಗಿತ್ತು. ವೃದ್ಧರಾದ ಸ್ವಾಮಿಗಳೊಬ್ಬರಿಂದಲೇ ಹೆಣ ಎತ್ತುವುದು ಆಗದ ಮಾತಾಗಿತ್ತು.

ಅವಳ ಕೂದಲನ್ನು ಒರೆಸಿ, ಬಟ್ಟೆ ಹೊದಿಸಿ, ಸ್ವಾಮಿಗಳು ತಲೆಯೆತ್ತಿದರು.

“ಜ್ಞಾನಪ್ಪ, ಈ ತಾಯಿಯನ್ನು ಮುಟ್ಟಲು ನೀನು ಯಾರ ಅಪ್ಪಣೆ ಕೇಳಬೇಕು?”

“ನನಗೆ ಯಾರಿದ್ದಾರೆ ಸ್ವಾಮಿ, ಕೇಳೋದಕ್ಕೆ?”

“ಹಾಗಾದರೆ ಕಾಲಿನ ಕಡೆ ಹಿಡಿ.”

ಜ್ಞಾನಪ್ಪ ಹಾಗೆಯೇ ನಿಂತನು. ಆ ಮಾತಿನಲ್ಲಿ ಸಾಂತ್ವನವಿರಲಿಲ್ಲ. ಅಂದು ಬೆಳಿಗ್ಗೆ ಹೆತ್ತ ತಂದೆಯನ್ನು ಮುಟ್ಟಲು ಅಣ್ಣ ಬಿಡದಿದ್ದ ತನ್ನ ಕೈಗಳನ್ನು ಅವನು ನೋಡಿಕೊಂಡನು. ಊರಿನಲ್ಲಿ ಪ್ರತಿಯೊಬ್ಬರ ಕೈಯನ್ನೂ ಯಾರೋ ಒಬ್ಬರು ತಡೆದು ಹಿಡಿದಿದ್ದರು. ಅವನ ಕೈಯನ್ನು ತಡೆಯುವವರು ಈಗ ಯಾರೂ ಇರಲಿಲ್ಲ. ಶಿಲುಬೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಬಗ್ಗಿದನು. ಮುದುಕಿಯ ಪಾದಗಳು ತಣ್ಣಗಿದ್ದವು, ಒಡೆದಿದ್ದವು.

ಗುಂಡಿಗೆ ಮಣ್ಣೆಳೆಯುವಾಗ ಅವನು ಮೊದಲ ಬಾರಿ ಬಿಕ್ಕಿ ಬಿಕ್ಕಿ ಅತ್ತನು. “ಅಪ್ಪಾ” ಎಂಬ ಮಾತು ಬಾಯಿಂದ ಬಂತು. ಸ್ವಾಮಿಗಳು ತಡೆಯಲಿಲ್ಲ. ಅಳು ಮುಗಿದ ಮೇಲೆ ಇಷ್ಟು ಹೇಳಿದರು:

“ಪ್ರಭುವನ್ನೂ ಊರಾಚೆಯೇ ಶಿಲುಬೆಗೇರಿಸಿ ಕೊಂದದ್ದು ಮಗನೇ. ನೀನು ಬಂದಿರುವುದು ಅಲ್ಲಿಗೆ.”

ಅಂದಿನಿಂದ ಜ್ಞಾನಪ್ಪ ಶೆಡ್ಡಿನ ಪಕ್ಕದಲ್ಲೇ ಮಡಕೆ ಮಾಡುವ ತಿಗರಿ ಹೂಡಿದನು. ಸಂತೆಮಾಳದಲ್ಲಿ, ಕೆರೆಯಂಗಳದಲ್ಲಿ ದಿಕ್ಕಿಲ್ಲದೆ ಸತ್ತವರನ್ನು ಹೊತ್ತು ತಂದು ಮಣ್ಣು ಮಾಡಿದನು. ಹೆಣ ಹೊರುವವನೆಂದು ಇಗರ್ಜಿಯವರು ಅವನನ್ನು ಬಾಗಿಲಿನಿಂದಲೂ ಆಚೆಗೆ ಸರಿಸಿದರು. ಅವನು ಅಂಗಳದಲ್ಲಿ ಮಂಡಿಯೂರಿ ಪ್ರಾರ್ಥಿಸಿ ಎದ್ದುಹೋಗುತ್ತಿದ್ದನು.

ಸ್ವಾಮಿಗಳು ದೈವಾಧೀನರಾದ ಮರುವರ್ಷ ಅವನ ತಾಯಿ ಕೆಂಚಮ್ಮ ಹುಡುಕಿಕೊಂಡು ಬಂದಳು. ಶೆಡ್ಡಿನ ಒಳಗೆ ಕಾಲಿಡದೆ ಹೊರಗೇ ನಿಂತಳು.

“ಮನೆಗೆ ಬಾರೋ ಮಗ. ಆ ಶಿಲುಬೆ ತೆಗೆದು, ತಪ್ಪಾಯ್ತು ಅಂತ ಅಡ್ಡಬಿದ್ದರೆ ಕುಲದೋರು ಸೇರಿಸ್ಕೊಳ್ತಾರಂತೆ. ನಾನೂ ಇನ್ನೆಷ್ಟು ದಿನ ಇರ್ತೀನಿ?”

ಜ್ಞಾನಪ್ಪನ ಕಣ್ಣು ತುಂಬಿತು. ತಾಯಿಯ ಪಾದದ ಮೇಲೆ ಹಣೆಯಿಟ್ಟು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವನ ಮುಖದಲ್ಲಿ ದುಃಖವಿತ್ತು, ಅಂಜಿಕೆ ಇರಲಿಲ್ಲ.

“ನೀನು ಯಾವಾಗ ಕರೆದರೂ ಬರ್ತೀನಮ್ಮ. ಇದನ್ನು ತೆಗೆದು ಮಾತ್ರ ಬರಲಾರೆ. ಈಗ ಧರ್ಮಛತ್ರದಲ್ಲಿ ಒಂದು ಹೆಣ ಕಾಯ್ತಾ ಇದೆ.”

“ಯಾರದೋ ಅದು?”

“ಗೊತ್ತಿಲ್ಲಮ್ಮ” ಎಂದು ಹೇಳಿ, ಜ್ಞಾನಪ್ಪ ಹೆಗಲಿಗೆ ಬಟ್ಟೆ ಹಾಕಿಕೊಂಡು ಛತ್ರದ ದಾರಿ ಹಿಡಿದನು.