ಒಣಗಿದ ತೊಗರಿ

"ಗುರುಗಳೇ, ಎಷ್ಟು ಹೇಳಿಕೊಟ್ಟರೂ ಕಲಿಯಲಾಗದವರನ್ನು ನಾವು ಯಾಕೆ ಇಟ್ಟುಕೊಳ್ಳಬೇಕು?" ಎಂದು ಶಿಷ್ಯ ಕೇಳಿದ.

ಮಠದ ಪಾಠಶಾಲೆಗೆ ಸಂಜೆ ಓದು ಕಲಿಯಲು ಬರುವ ದೊಡ್ಡವರಿಗೆ ಅವನೇ ಪಾಠ ಹೇಳುತ್ತಿದ್ದ. ಮರುದಿನ ಊರ ಹಿರಿಯರು ಅವರ ಓದು ಕೇಳಲು ಬರುವವರಿದ್ದರು. ಓದುವಾಗ ತಡವರಿಸುತ್ತಿದ್ದ ಬಂಡೆಪ್ಪ ಎಂಬ ನೇಕಾರನಿಗೆ, ಇನ್ನು ಬರುವುದು ಬೇಡವೆಂದು ಅವನು ಹೇಳಿ ಕಳಿಸಿದ್ದ. ಉಳಿದವರೆಲ್ಲ ಚೆನ್ನಾಗಿ ಓದುತ್ತಾರೆ ಎಂದೂ ಗುರುಗಳಿಗೆ ಹೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ದಪ್ಪ ಕಾಳಿನ ತೊಗರಿ ಬೆಳೆಯುತ್ತಿದ್ದರು. ಅದರ ಬೇಳೆಗೆ ರುಚಿಯಿತ್ತು, ಬೇಗ ಬೇಯುತ್ತಿತ್ತು. ಆದರೆ ಅದಕ್ಕೆ ನೆಟೆ ರೋಗ ಬಿತ್ತು. ಹೂವಾಗುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತಿತ್ತು. ವರ್ಷ ವರ್ಷಕ್ಕೆ ಬಿತ್ತುವವರು ಕಡಿಮೆಯಾದರು. ಕೊನೆಗೆ ಆ ಬೀಜ ಒಬ್ಬ ರೈತನ ಮನೆಯಲ್ಲಿ ಮಾತ್ರ ಉಳಿಯಿತು.

ಒಬ್ಬ ವಿಜ್ಞಾನಿ ಅವನಲ್ಲಿಗೆ ಬಂದಳು. ರೋಗ ತಾಳುವ ಸಣ್ಣ ಕಾಳಿನ ತೊಗರಿಯೊಂದು ಅವಳ ಬಳಿ ಇತ್ತು. ಎರಡನ್ನೂ ಸಂಕರ ಮಾಡಿ, ಎರಡು ತಲೆಮಾರು ಬೆಳೆಸಿ, ಅವುಗಳ ಮೊಮ್ಮಕ್ಕಳಂಥ ಬೀಜಗಳನ್ನು ರೈತನ ರೋಗ ಹಿಡಿದ ಹೊಲದಲ್ಲೇ ಬಿತ್ತಿಸಿದಳು. ಮೊಳೆತ ಮೇಲೆ ಗಿಡಕ್ಕೊಂದು ಗೂಟ ನೆಟ್ಟು ಸಂಖ್ಯೆ ಬರೆದಳು. ವಂಶವಾಹಿ ಪರೀಕ್ಷೆಗೆಂದು ಪ್ರತಿ ಗಿಡದಿಂದ ಒಂದು ಎಲೆ ಕಿತ್ತು, ಅದೇ ಸಂಖ್ಯೆ ಹಾಕಿ ತೆಗೆದಿಟ್ಟುಕೊಂಡಳು. ರೋಗ ತಾಳುವ ಗುಣ ತೊಗರಿಯ ವಂಶವಾಹಿಗಳಲ್ಲಿ ಎಲ್ಲೋ ಒಂದು ಜಾಗದಲ್ಲಿ ಕೂತಿದೆ, ಆ ಜಾಗ ಗೊತ್ತಾದರೆ ಅದನ್ನು ದಪ್ಪ ಕಾಳಿನ ತೊಗರಿಗೂ ತರಬಹುದು ಎಂದಳು. ತಾನು ಬರುವ ತನಕ ಯಾವ ಗಿಡವನ್ನೂ ಮುಟ್ಟಬೇಡಿ ಎಂದು ಹೇಳಿ ಹೋದಳು.

ಪೈರು ಎದೆಮಟ್ಟ ಬೆಳೆಯಿತು. ಅಲ್ಲಲ್ಲಿ ಗಿಡಗಳು ಒಣಗತೊಡಗಿದವು. ಕೆಲವನ್ನು ಹಂದಿ ಮೆಟ್ಟಿತ್ತು, ಕೆಲವು ನೀರು ನಿಂತು ಸತ್ತವು, ಹೆಚ್ಚಿನವು ರೋಗಕ್ಕೆ ಹೋದವು.

ಎಳ್ಳಮಾವಾಸ್ಯೆ ಹತ್ತಿರ ಬಂತು. ಅಂದು ಭೂಮಿತಾಯಿಗೆ ಎಡೆಯಾಗಿ ಹೊಲದಲ್ಲಿ ಅಡುಗೆಯ ಚರಗ ಚೆಲ್ಲಿ, ಬೀಗರನ್ನು ಕರೆದು ಪೈರಿನ ನಡುವೆ ಊಟಕ್ಕೆ ಕೂರಿಸುವುದು ಆ ಕಡೆಯ ಪದ್ಧತಿ. ದಾರಿಯಲ್ಲಿ ಸಿಕ್ಕ ಬೀಗ ಹೊಲದ ಕಡೆ ನೋಡಿ, "ಏನು ಬೀಗರೇ, ಈ ಸಲ ತೊಗರಿ ಬಿತ್ತಿದಿರೋ, ಕಟ್ಟಿಗೆ ಬಿತ್ತಿದಿರೋ?" ಎಂದ. ಜೊತೆಗಿದ್ದವರು ನಕ್ಕರು. ರೈತನೂ ನಕ್ಕ. ಮನೆಗೆ ಹೋದ ಮೇಲೆ ಅವನಿಗೆ ಊಟ ಸೇರಲಿಲ್ಲ.

ಹಬ್ಬದ ಹಿಂದಿನ ದಿನ ಅವನು ಒಣಗಿದ ಗಿಡಗಳನ್ನೆಲ್ಲ ಕಿತ್ತ. ಮುಟ್ಟಬೇಡಿ ಎಂದ ಮಾತು ನೆನಪಿತ್ತು. ಆದರೆ ಒಣಗಿದ್ದನ್ನು ಅವನು ಗಿಡವೆಂದು ಎಣಿಸಲಿಲ್ಲ. ಒಂಟಿ ಗೂಟ ಸತ್ತ ಗಿಡದ ಜಾಗ ತೋರಿಸುತ್ತದೆ ಎಂದು ಆ ಗೂಟಗಳನ್ನೂ ಕಿತ್ತ. ಮರುದಿನ ಅದೇ ಕಟ್ಟಿಗೆಯ ಬೆಂಕಿಯಲ್ಲಿ ಹಬ್ಬದ ಭಜ್ಜಿ ಪಲ್ಯ ಬಿಸಿಯಾಯಿತು. ಬೀಗರು ಉಂಡು, ಪೈರು ಚೆನ್ನಾಗಿದೆ ಎಂದು ಹೇಳಿ ಹೋದರು.

ವಿಜ್ಞಾನಿ ಬಂದಾಗ ರೈತ ಎದುರು ಹೋಗಿ ಕರೆತಂದ. "ನೋಡಿ ಮೇಡಂ, ಹೊಲದಲ್ಲಿ ಒಂದೂ ಸತ್ತ ಗಿಡವಿಲ್ಲ. ಬದುಕಿದವೆಲ್ಲ ಇಲ್ಲೇ ಇವೆ. ನಿಮಗೆ ಬೇಕಾದದ್ದು ಅವೇ ಅಲ್ಲವೇ?"

ಅವಳು ಸಾಲುಗಳ ನಡುವೆ ನಡೆದು ನೋಡಿ ಬಂದಳು.

"ಯಜಮಾನರೇ, ಬದುಕಿದ ಗಿಡದಲ್ಲಿ ನೂರು ಗುಣ ಇರುತ್ತವೆ. ಅದನ್ನು ಉಳಿಸಿದ್ದು ಯಾವುದು ಎಂದು ತಿಳಿಯಬೇಕಾದರೆ, ರೋಗಕ್ಕೆ ಸತ್ತದ್ದರಲ್ಲಿ ಏನು ಇರಲಿಲ್ಲ ಎಂದು ನೋಡಬೇಕು. ರೋಗಕ್ಕೆ ಸತ್ತದ್ದು ಯಾವುದು, ಹಂದಿ ಮೆಟ್ಟಿ ಸತ್ತದ್ದು ಯಾವುದು? ಕಾಂಡ ಸೀಳಿ ನೋಡದೆ ಹೇಗೆ ಹೇಳಲಿ?"

ಅವಳು ಬೈಯಲಿಲ್ಲ. ರೈತನಿಗೆ ಅದೇ ಹೆಚ್ಚು ಕಷ್ಟವಾಯಿತು. ಒಲೆ ಹೂಡಿದ್ದ ಜಾಗಕ್ಕೆ ಹೋಗಿ ಬೂದಿ ಕೆದಕಿದ. ಅರೆಸುಟ್ಟ ಕಾಂಡದ ಒಂದು ತುಂಡು ಸಿಕ್ಕಿತು. ಕುಡುಗೋಲಿನಿಂದ ಸೀಳಿದ. ಒಳಗೆ ರೋಗದ ಕಪ್ಪು ಗೆರೆ ಉದ್ದಕ್ಕೂ ಇತ್ತು. ಆತುರದಿಂದ ಅದನ್ನು ಅವಳ ಕೈಗೆ ಕೊಟ್ಟ. ಇದು ಯಾವ ಸಂಖ್ಯೆಯ ಗಿಡ ಎಂದು ಅವಳು ಮೆಲ್ಲಗೆ ಕೇಳಿದಳು.

ರೈತ ತಾನು ಗೂಟ ಕಿತ್ತ ಸಾಲುಗಳ ಕಡೆ ನೋಡಿದ. ಮನೆಯಲ್ಲಿದ್ದ ದಪ್ಪ ಕಾಳಿನ ಬೀಜ ಮುಂದಿನ ವರ್ಷವೂ ಅದೇ ರೋಗದ ಮಣ್ಣಿಗೆ ಬೀಳಬೇಕಿತ್ತು.

ಕತೆ ಅಲ್ಲಿಗೆ ನಿಂತಿತು. ಆ ರೈತ ತನ್ನ ಗಿಡಗಳನ್ನೇ ಸರಿಯಾಗಿ ನೋಡಿರಲಿಲ್ಲ, ತಾನಾದರೋ ಎಲ್ಲರ ಪಕ್ಕದಲ್ಲಿ ಕೂತು ಪಾಠ ಹೇಳುತ್ತೇನೆ ಎಂದು ಶಿಷ್ಯ ಹೇಳಿದ.

"ಹಾಗಾದರೆ ಹೇಳು, ಬಂಡೆಪ್ಪನ ನಾಲಿಗೆ ಯಾವ ಅಕ್ಷರದ ಹತ್ತಿರ ನಿಲ್ಲುತ್ತಿತ್ತು?" ಎಂದು ಗುರುಗಳು ಕೇಳಿದರು.