ಪದ್ಮಾಕ್ಷಿಯ ಮೂರು ರವಿಕೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಸಾತವ್ವ ಎಂಬ ಗುರು. ಅವಳ ಕಾಯಕ ಹೊಲಿಗೆ. ಮಾತು ಕಡಿಮೆ.

ಅಲ್ಲಿ ಒಂದು ಕಟ್ಟಳೆ ಇತ್ತು. ಹೊಸದಾಗಿ ಬಂದವಳು ತನ್ನ ಬಿಳಿ ರವಿಕೆಯನ್ನು ತಾನೇ ಹೊಲಿದುಕೊಳ್ಳಬೇಕು. ಅದು ಮೈಗೆ ಸರಿಯಾಗಿ ಕೂತ ದಿನ ಸಂಜೆಯ ಪ್ರಾರ್ಥನೆಯ ಸಾಲಿನಲ್ಲಿ ಜಾಗ. ಅಲ್ಲಿಯವರೆಗೆ ಹೊರಗಿನ ಜಗಲಿ.

ಪದ್ಮಾಕ್ಷಿ ಬಂದಾಗ ಅವಳಿಗೆ ನಲವತ್ತೊಂದು. ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದವಳು.

"ಯಾಕೆ ಬಂದೆ?" ಸಾತವ್ವ ಕೇಳಿದಳು.

"ಹದಿಮೂರು ವರ್ಷದ ಹಿಂದೆ ಎದೆಗೆ ಸಿಲಿಕೋನ್ ಇಡಿಸಿಕೊಂಡಿದ್ದೆ, ಅವ್ವ. ವೇದಿಕೆ ಮೇಲೆ ಚೆನ್ನಾಗಿ ಕಾಣಲಿ ಅಂತ. ಆಮೇಲೆ ಒಂದು ಕಡೆ ಕಲ್ಲಿನ ಹಾಗೆ ಗಟ್ಟಿಯಾಯಿತು. ನೋವು. ಎರಡನ್ನೂ ತೆಗೆಸಿಬಿಟ್ಟೆ. ಐದು ವಾರ ಆಯಿತು."

"ಡಾಕ್ಟರು ಏನು ಹೇಳಿದರು?"

"ನೋವು ಕೆಲವು ವಾರ. ಬಾವು ಇಳಿಯೋಕೆ ತಿಂಗಳುಗಳು. ಚರ್ಮ ಸಡಿಲವಾಗುತ್ತೆ, ಆಮೇಲೆ ಸ್ವಲ್ಪ ಬಿಗಿಯಾಗಬಹುದು. ಕೆಲವು ಕಡೆ ಮುಟ್ಟಿದರೆ ಗೊತ್ತಾಗಲ್ಲ. ಆಕಾರ ನಿಲ್ಲೋಕೆ ಆರು ತಿಂಗಳು, ವರ್ಷ. ಗಾಯದ ಗೆರೆ ಮಾಸುತ್ತೆ, ಹೋಗಲ್ಲ."

"ಎಲ್ಲ ಹೇಳಿದ್ದಾರಲ್ಲ. ನಾನು ಹೇಳೋದು ಏನು ಉಳೀತು?"

"ಹೀಗೆ ಒಂಟಿ ಅನಿಸುತ್ತೆ ಅಂತ ಹೇಳಲಿಲ್ಲ. ಅದು ಎಷ್ಟು ದಿನ, ಅವ್ವ?"

ಸಾತವ್ವ ಪೆಟ್ಟಿಗೆಯಿಂದ ಬಿಳಿ ರವಿಕೆ ಕಣ ತೆಗೆದು ಅವಳ ಮುಂದಿಟ್ಟಳು.

"ಹೊಲಿ."

ಪದ್ಮಾಕ್ಷಿಗೆ ಹೊಲಿಗೆ ಬರುತ್ತಿತ್ತು. ಕೋಣೆಗೆ ಹೋದಳು. ಬಾಗಿಲು ಹಾಕಿದಳು. ಟೇಪನ್ನು ಮೈಗೆ ಸುತ್ತಿ, ಅಂಕಿ ನೋಡಿ, ಗೋಡೆಯ ಮೇಲೆ ಬರೆದುಕೊಂಡಳು. ಕತ್ತರಿಸಿದಳು. ಹೊಲಿದಳು.

ಎರಡು ವಾರಕ್ಕೆ ರವಿಕೆ ಮುಂದೆ ಜೋತುಬಿತ್ತು.

ಬಾವು ಇಳಿಯುತ್ತಿದೆ ಎಂದುಕೊಂಡಳು. ಮುಂದಿನ ತಿಂಗಳು ಇನ್ನೊಂದು ಹೊಲಿದಳು. ಅದೂ ಕೂರಲಿಲ್ಲ.

ಬೆಳಗ್ಗೆ ಹೆಂಗಸರೆಲ್ಲ ಒಟ್ಟಿಗೆ ಹೊಳೆಗೆ ಹೋಗುತ್ತಿದ್ದರು. ಪದ್ಮಾಕ್ಷಿ ಹೋಗುತ್ತಿದ್ದುದು ಉರಿಬಿಸಿಲಿನಲ್ಲಿ, ದಂಡೆ ಬರಿದಾದ ಮೇಲೆ. ಉಟ್ಟ ಸೀರೆಯಲ್ಲೇ ಮುಳುಗಿ ಏಳುತ್ತಿದ್ದಳು.

ಅಡುಗೆಯ ಕಲ್ಲವ್ವ ಒಮ್ಮೆ ಕೂಗಿದಳು. "ಏನವ್ವ, ನಮ್ಮ ಜೊತೆ ನೀರಿಗಿಳಿದರೆ ಕರಗಿ ಹೋಗ್ತೀಯಾ? ಉಪ್ಪಿನ ಗೊಂಬೆಯೇನು ನೀನು?"

ಪದ್ಮಾಕ್ಷಿ ನಕ್ಕಳು. ಹೋಗಲಿಲ್ಲ.

ಸಂಜೆ ಜಗಲಿಯಲ್ಲಿ ಕೂರುತ್ತಿದ್ದಳು. ಒಳಗೆ ಹಾಡು. ಎರಡನೆಯ ನುಡಿಯಲ್ಲಿ ಯಾರೋ ದಿನವೂ ಶ್ರುತಿ ತಪ್ಪುತ್ತಿದ್ದರು. ಎಲ್ಲಿ ಎಂದು ಅವಳಿಗೆ ಗೊತ್ತಿತ್ತು. ಸಾವಿರ ಜನರ ಮುಂದೆ ಹಾಡಿದವಳು ಕತ್ತಲಲ್ಲಿ ತುಟಿ ಮಾತ್ರ ಆಡಿಸುತ್ತಿದ್ದಳು.

ಐದನೆಯ ತಿಂಗಳು. ಬಾವು ಪೂರ್ತಿ ಇಳಿದಿತ್ತು. ಮತ್ತೆ ಬಾಗಿಲು ಹಾಕಿದಳು. ಮತ್ತೆ ಅಳೆದಳು. ಮೂರನೆಯದನ್ನು ಕೈಹೊಲಿಗೆಯಲ್ಲಿ, ನಿಧಾನವಾಗಿ ಹೊಲಿದಳು.

ತೊಟ್ಟು ನೋಡಿದಳು. ಬಗ್ಗಿದರೆ ಸರಿ. ನೆಟ್ಟಗಾದರೆ ಹುಕ್ಕು ಕಿತ್ತುಬರುತ್ತಿತ್ತು.

ಅವಳು ಗಂಟು ಕಟ್ಟಿದಳು. ಮೂರು ರವಿಕೆಗಳನ್ನೂ ತಂದು ಸಾತವ್ವನ ಮುಂದೆ ಇಟ್ಟಳು.

"ಹೊರಟೆ, ಅವ್ವ. ಈ ಮೈಗೆ ಅಳತೆ ಅನ್ನೋದೇ ಇಲ್ಲ."

ಸಾತವ್ವ ರವಿಕೆಗಳನ್ನು ಒಳಮಗ್ಗುಲಿಗೆ ತಿರುವಿದಳು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಹೊಲಿಗೆ ಚೆನ್ನಾಗಿದೆ."

"ಮತ್ತೆ ಯಾಕೆ ಕೂರಲ್ಲ?"

"ಅಳತೆ ಯಾರು ತೆಗೆದರು?"

"ನಾನೇ."

"ಮೂರು ಸಲವೂ?"

"ಮೂರು ಸಲವೂ."

"ಐವತ್ತು ವರ್ಷದಿಂದ ಹೊಲೀತಿದ್ದೀನಿ. ನನ್ನ ಅಳತೆ ನಾನು ಒಮ್ಮೆಯೂ ತೆಗೆದಿಲ್ಲ."

"ಯಾರು ತೆಗೀತಾರೆ?"

"ಕಲ್ಲವ್ವ. ಬೈತಾ ತೆಗೀತಾಳೆ. ವರ್ಷ ವರ್ಷ ಮುದುಡ್ತಿದ್ದೀ ಮುದುಕಿ, ನಿನಗೆ ಬಟ್ಟೆ ಉಳಿತಾಯ ಅಂತಾಳೆ."

ಪದ್ಮಾಕ್ಷಿ ನಗಲಿಲ್ಲ.

"ತನ್ನ ಅಳತೆ ತಾನು ತೆಗೆಯೋಳು ಅಂಕಿ ನೋಡೋಕೆ ಬಗ್ಗುತ್ತಾಳೆ," ಸಾತವ್ವ ಹೇಳಿದಳು. "ಬಗ್ಗಿದರೆ ಎದೆ ಕುಗ್ಗುತ್ತೆ. ಬೆನ್ನಲ್ಲಿ ಟೇಪು ಜಾರುತ್ತೆ. ಇಲ್ಲಿ ಬಂದವರೆಲ್ಲ ಪಕ್ಕದವಳ ಕೈಲಿ ತೆಗೆಸಿದರು. ನೀನು ಯಾರನ್ನೂ ಕರೀಲಿಲ್ಲ."

"ಮೊದಲೇ ಹೇಳಬಹುದಿತ್ತಲ್ಲ, ಅವ್ವ. ಐದು ತಿಂಗಳು."

"ಬಾಗಿಲು ಹಾಕಿತ್ತು."

ಪದ್ಮಾಕ್ಷಿಯ ಗಂಟು ಕಂಕುಳಲ್ಲೇ ಇತ್ತು.

"ತೆಗೆಸಿದ ಮೇಲೆ ಡಾಕ್ಟರು ಬಿಟ್ಟು ಯಾರೂ ನೋಡಿಲ್ಲ," ಎಂದಳು. "ನಾನೇ ಸರಿಯಾಗಿ ನೋಡಿಲ್ಲ."

ಸಾತವ್ವ ಎದ್ದಳು. ಮಂಡಿ ಹಿಡಿದುಕೊಂಡು, ಮೆಲ್ಲಗೆ. ಕೊರಳಿನಿಂದ ಟೇಪು ತೆಗೆದಳು.

ಪದ್ಮಾಕ್ಷಿ ಗಂಟನ್ನು ಕೆಳಗಿಟ್ಟಳು. ಸೆರಗು ಸರಿಸಿದಳು.

"ಒಂದರ ಹಾಗೆ ಇನ್ನೊಂದಿಲ್ಲ, ಅವ್ವ."

"ಯಾರದೂ ಇರಲ್ಲ."

"ಗೆರೆ ಇನ್ನೂ ಕೆಂಪಗಿದೆ."

"ಕಾಣ್ತಿದೆ."

ಟೇಪು ಮೈಗೆ ತಾಗಿತು. ಎಡಗಡೆ ಅವಳಿಗೆ ಗೊತ್ತಾಗಲಿಲ್ಲ. ಬಲಗಡೆ ತಣ್ಣಗೆನಿಸಿತು. ಬೆನ್ನಿನ ಮೇಲೆ ಮುದುಕಿಯ ಬೆರಳು, ಸೂಜಿ ಚುಚ್ಚಿ ಚುಚ್ಚಿ ಒರಟಾದದ್ದು.

"ಮುಂದಿನ ತಿಂಗಳು ಈ ಅಳತೆಯೂ ಬದಲಾದರೆ?"

"ಮತ್ತೆ ತೆಗೀತೀನಿ."

ಪದ್ಮಾಕ್ಷಿ ಅಂಕಿ ಎಷ್ಟೆಂದು ನೋಡಲು ಬಗ್ಗಿದಳು.

ಸಾತವ್ವ ಅವಳ ಗದ್ದವನ್ನು ಒಂದು ಬೆರಳಿನಿಂದ ಮೇಲೆತ್ತಿದಳು.

"ಎದುರಿಗೆ ನೋಡು. ಅಂಕಿ ನಾನು ನೋಡ್ತೀನಿ."